ಹತ್ತನೇ ಕ್ಲಾಸು ಮುಗಿಸಿದವರಿಗೂ ರಂಗ ಶಿಬಿರ ಬೇಕು

ಮಾನ್ಯ ಸಂಪಾದಕರೇ,

ನಮಸ್ಕಾರ. ಮಾರ್ಚ್ ಕೊನೆ ಬಂತೆಂದರೆ ಹಾಸನದ ಗೋಡೆ, ಲೈಟು ಕಂಬ, ವಾಟ್ಸಾಪ್ ಗುಂಪು ಎಲ್ಲ ಕಡೆ ಬೇಸಿಗೆ ಶಿಬಿರದ್ದೇ ಕರಪತ್ರ. ಈಜು, ಕರಾಟೆ, ಚಿತ್ರಕಲೆ, ಅಬ್ಯಾಕಸ್, ಜೊತೆಗೆ ಒಂದೋ ಎರಡೋ ರಂಗ ಶಿಬಿರ. ನೋಡಿದರೆ ಸಂತೋಷವಾಗುತ್ತದೆ. ಆದರೆ ಆ ಕರಪತ್ರದಲ್ಲಿ ವಯಸ್ಸಿನ ಸಾಲು ಓದಿ. ಆರರಿಂದ ಹದಿನಾಲ್ಕು ಅಂತ ಇರುತ್ತದೆ, ಕೆಲವದರಲ್ಲಿ ಹನ್ನೆರಡಕ್ಕೇ ನಿಂತಿರುತ್ತದೆ. ಒಂಬತ್ತು, ಹತ್ತು, ಪಿಯುಸಿ ಮಕ್ಕಳಿಗೆ ಜಾಗವೇ ಇಲ್ಲ. ಜಾಗ ಇದ್ದ ಕಡೆಗೂ ಮನೆಯವರು ಕಳಿಸುವುದಿಲ್ಲ. ನಾನು ಹಾಸನ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ರಜೆಯಲ್ಲಿ ಗೆಳೆಯರು ನಡೆಸುವ ರಂಗ ಶಿಬಿರಕ್ಕೆ ಹೋಗಿ ಕೈಲಾದ ಕೆಲಸ ಮಾಡುತ್ತೇನೆ. ಮಕ್ಕಳನ್ನು ಎರಡೂ ಕಡೆ ನೋಡುವುದರಿಂದ ಹೇಳುತ್ತಿದ್ದೇನೆ: ರಂಗ ಶಿಬಿರದ ಅಗತ್ಯ ಜಾಸ್ತಿ ಇರುವುದು ಈ ದೊಡ್ಡ ಮಕ್ಕಳಿಗೇ.

ಏಳು ವರ್ಷದ ಮಗುವಿಗೆ 'ಮರ ಆಗು' ಅಂದರೆ ಕೈ ಎತ್ತಿ ಮರ ಆಗಿಬಿಡುತ್ತದೆ. ಹದಿನೈದರ ಹುಡುಗನಿಗೆ ಅದೇ ಮಾತು ಹೇಳಿ ನೋಡಿ. ಅವನು ಮೊದಲು ಪಕ್ಕದವನ ಮುಖ ನೋಡುತ್ತಾನೆ, ಆಮೇಲೆ ನೆಲ ನೋಡುತ್ತಾನೆ. ದನಿ ಒಡೆದಿರುತ್ತದೆ, ಕೈಕಾಲು ಉದ್ದ ಆಗಿ ಎಲ್ಲಿಡಬೇಕು ಅಂತ ತಿಳಿಯದೆ ಒದ್ದಾಡುತ್ತಾನೆ. ಹೆಣ್ಣುಮಕ್ಕಳಂತೂ ಭುಜ ಕುಗ್ಗಿಸಿ, ಬ್ಯಾಗನ್ನು ಎದೆಗೆ ಅವುಚಿಕೊಂಡೇ ನಡೆಯುತ್ತಾರೆ. ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ತಪ್ಪಾದರೆ ನಗುತ್ತಾರೆ ಅನ್ನುವ ಭಯ. ಈ ವಯಸ್ಸಿನಲ್ಲಿ ಯಾರೋ ತನ್ನನ್ನು ನೋಡುತ್ತಿದ್ದಾರೆ ಅನ್ನುವ ಯೋಚನೆ ಮನಸ್ಸನ್ನು ಬಿಡುವುದೇ ಇಲ್ಲ. ಪಾಠದಲ್ಲಿ ಇದಕ್ಕೆ ಔಷಧಿ ಇಲ್ಲ. ನಾವು ಮೇಷ್ಟ್ರು, ಮೇಡಂಗಳು 'ಧೈರ್ಯವಾಗಿ ಮಾತಾಡಿ' ಅಂತ ಸಾವಿರ ಸಲ ಹೇಳುತ್ತೇವೆ. ಹೇಳಿದ ಮಾತ್ರಕ್ಕೆ ಧೈರ್ಯ ಬರುತ್ತದಾ?

ಶಿಬಿರದಲ್ಲಿ ಏನಾಗುತ್ತದೆ ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ತುಂಬಾ ಅಪ್ಪ ಅಮ್ಮಂದಿರು ಕೊನೆಯ ದಿನದ ನಾಟಕವನ್ನು ಮಾತ್ರ ನೋಡಿರುತ್ತಾರೆ. ಒಳ್ಳೆಯ ಶಿಬಿರದಲ್ಲಿ ಮೊದಲ ಕೆಲವು ದಿನ ನಾಟಕದ ಸುದ್ದಿಯೇ ಇರುವುದಿಲ್ಲ. ಬರೀ ಆಟ. ಗುಂಡಗೆ ನಿಂತು ಹೆಸರು ಕೂಗುವುದು, ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಜೊತೆಗಾರನ ದನಿ ಹಿಡಿದು ಇಡೀ ಹಾಲ್ ದಾಟುವುದು, ಇಬ್ಬರು ಎದುರುಬದುರು ನಿಂತು ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಕನ್ನಡಿಯ ಹಾಗೆ ಮಾಡುವುದು, ಒಂದು ಕೋಲು ಕೊಟ್ಟರೆ ಅದನ್ನು ಕೊಳಲು, ಬಂದೂಕು, ದೋಣಿಯ ಹುಟ್ಟು, ಅಜ್ಜನ ಊರುಗೋಲು ಹೀಗೆ ಸಾಲಾಗಿ ಏನೇನೋ ಮಾಡಿ ತೋರಿಸುವುದು. ನೋಡಿದವರಿಗೆ ಸುಮ್ನೆ ಹುಡುಗಾಟ ಅನ್ನಿಸಬಹುದು. ಆದರೆ ಕನ್ನಡಿ ಆಟದಲ್ಲಿ ಎದುರಿನವರ ಕಣ್ಣಿಂದ ಕಣ್ಣು ತೆಗೆಯುವ ಹಾಗಿಲ್ಲ. ಮೊಬೈಲ್ ಹಿಡಿದು ತಲೆ ತಗ್ಗಿಸಿ ಅಭ್ಯಾಸವಾದ ಮಕ್ಕಳಿಗೆ ಇದೇ ದೊಡ್ಡ ಪರೀಕ್ಷೆ. ಮೊದಲ ದಿನ ಎಲ್ಲರೂ ಕಿಸಕ್ ಅಂತ ನಕ್ಕು ಕಣ್ಣು ತಪ್ಪಿಸುತ್ತಾರೆ. ವಾರ ಕಳೆಯುವ ಹೊತ್ತಿಗೆ ನಗು ನಿಂತಿರುತ್ತದೆ, ಎದುರಿನವರನ್ನು ಗಮನ ಇಟ್ಟು ನೋಡಲು ಶುರು ಮಾಡಿರುತ್ತಾರೆ. ನಮ್ಮ ಸ್ಕೂಲಿನಲ್ಲಿ ವರ್ಷಪೂರ್ತಿ ಒಂದೇ ಬೆಂಚಿನಲ್ಲಿ ಕೂತವರೂ ಒಬ್ಬರನ್ನೊಬ್ಬರು ಹೀಗೆ ನೋಡಿರುವುದಿಲ್ಲ.

ಆಮೇಲೆ ದನಿಯ ಕೆಲಸ. ಗಂಟಲಿಂದ ಕಿರುಚಬೇಡಿ, ಹೊಟ್ಟೆಯಿಂದ ಉಸಿರು ತೆಗೆದು ಮಾತಾಡಿ ಅಂತ ಕಲಿಸುತ್ತಾರೆ. ಹಾಲ್‌ನ ಕೊನೆಯ ಸಾಲಿನಲ್ಲಿ ಕೂತವರಿಗೆ ಮೈಕ್ ಇಲ್ಲದೆ ಕೇಳಬೇಕು, ಆದರೆ ಕೂಗಿದ ಹಾಗೆ ಇರಬಾರದು. ನಮ್ಮ ಕಡೆ ಮಾತಿನಲ್ಲಿ ಹಕಾರ ಬೀಳುವುದು, ಇಲ್ಲದ ಕಡೆ ಬರುವುದು ಎರಡೂ ಇದೆ. ಇದನ್ನು ಇಟ್ಟುಕೊಂಡು ಮಕ್ಕಳನ್ನು ಗೇಲಿ ಮಾಡುವವರು ಬೇಕಾದಷ್ಟು ಜನ, ಮೇಷ್ಟ್ರುಗಳೂ ಸೇರಿ. ನಾನು ನೋಡಿದ ಶಿಬಿರಗಳಲ್ಲಿ ಗೇಲಿ ಇಲ್ಲ. ರೈತನ ಪಾರ್ಟು ಬಂದರೆ 'ನಿಮ್ಮೂರಲ್ಲಿ ಹೆಂಗೆ ಮಾತಾಡ್ತಾರೋ ಹಂಗೇ ಆಡು' ಅನ್ನುತ್ತಾರೆ, ರಾಜನ ಪಾರ್ಟು ಬಂದರೆ ಗ್ರಂಥದ ಕನ್ನಡ ತಿದ್ದಿ ತಿದ್ದಿ ಹೇಳಿಸುತ್ತಾರೆ. ಒಂದೇ ನಾಲಿಗೆಗೆ ಎರಡೂ ಬರುತ್ತದೆ. ಮನೆಯ ಮಾತಿನ ಬಗ್ಗೆ ನಾಚಿಕೆಯೂ ಹೋಗುತ್ತದೆ. ಡಾ. ರಾಜ್‌ಕುಮಾರ್ ಅವರ ಉಚ್ಚಾರಣೆಯನ್ನು ಇಡೀ ಕರ್ನಾಟಕ ಕೊಂಡಾಡುತ್ತದೆ ಅಲ್ವಾ? ಅವರಿಗೆ ಶಾಲೆಯ ಓದು ಸಿಕ್ಕಿದ್ದು ತುಂಬಾ ಕಡಿಮೆ. ಚಿಕ್ಕ ವಯಸ್ಸಿನಲ್ಲೇ ಗುಬ್ಬಿ ವೀರಣ್ಣನವರ ಕಂಪನಿ ಸೇರಿದವರು. 1954ರಲ್ಲಿ ಸಿನಿಮಾ ನಾಯಕ ಆಗುವ ಮುಂಚೆ ವರ್ಷಗಟ್ಟಲೆ ಕಂಪನಿ ನಾಟಕದಲ್ಲಿ ಪಳಗಿದ್ದರು. ನಾಲಿಗೆ ತಿದ್ದಿದ್ದು ಆ ತಾಲೀಮು.

ನಾಟಕ ಓದಲು ಶುರು ಮಾಡುವ ದಿನ ನನಗೆ ತುಂಬಾ ಇಷ್ಟ. ಪ್ರತಿಯನ್ನು ಹಂಚಿ, ಒಬ್ಬೊಬ್ಬರು ಒಂದೊಂದು ಮಾತು ಓದಬೇಕು. ಆಗ ಊರಿನ ಲೆಕ್ಕಾಚಾರವೇ ತಿರುಗಿಬಿಡುತ್ತದೆ. ಪೇಟೆಯ ಇಂಗ್ಲಿಷ್ ಮೀಡಿಯಂ ಸ್ಕೂಲಿನಿಂದ ಬಂದ, ಎಲ್ಲದರಲ್ಲೂ ಮುಂದೆ ಇರುವ ಮಗು ಒತ್ತಕ್ಷರ ಬಂದ ಕಡೆಯಲ್ಲೆಲ್ಲ ತಡವರಿಸುತ್ತದೆ. ಪಕ್ಕದಲ್ಲಿ ಕೂತ ಆಲೂರು ಕಡೆಯ ಸರ್ಕಾರಿ ಶಾಲೆಯ ಹುಡುಗಿ ನೀರು ಕುಡಿದ ಹಾಗೆ ಓದಿಕೊಂಡು ಹೋಗುತ್ತಾಳೆ. ಅಲ್ಲಿವರೆಗೆ ಮೂಲೆ ಹುಡುಕುತ್ತಿದ್ದವಳು ಅವಳು. ಮಧ್ಯಾಹ್ನ ಊಟದ ಹೊತ್ತಿಗೆ ಆ ಮಗು ಇವಳ ಹತ್ತಿರ ಬಂದು 'ನನಗೆ ಸ್ವಲ್ಪ ಹೇಳಿಕೊಡು' ಅನ್ನುತ್ತದೆ. ಡಬ್ಬಿ ಹಂಚಿಕೊಂಡು ತಿನ್ನುತ್ತಾರೆ. ಸಕಲೇಶಪುರದ ಕಾಫಿ ತೋಟದ ಲೈನು ಮನೆಯ ಹುಡುಗ, ಡಾಕ್ಟರ ಮಗಳು, ಪೊಲೀಸ್ ಕ್ವಾರ್ಟರ್ಸಿನ ಹುಡುಗ, ಮಂಡಿ ವ್ಯಾಪಾರಿಯ ಮಗ ಇವರೆಲ್ಲ ಒಂದೇ ಚಾಪೆ ಮೇಲೆ ಕೂರುವ ಜಾಗ ನಮ್ಮ ಜಿಲ್ಲೆಯಲ್ಲಿ ಬೇರೆ ಎಲ್ಲಿದೆ ಹೇಳಿ. ಮೊದಲು ಸರ್ಕಾರಿ ಶಾಲೆಯಲ್ಲಾದರೂ ಇತ್ತು. ಈಗ ಫೀಸಿನ ಪ್ರಕಾರ ಮಕ್ಕಳು ಬೇರೆ ಬೇರೆ ಆಗಿಹೋಗಿದ್ದಾರೆ.

ಪಾತ್ರದ ಬಗ್ಗೆ ಚರ್ಚೆ ನಡೆಯುತ್ತದಲ್ಲ, ಅದನ್ನು ಕೂತು ಕೇಳಬೇಕು. ಒಂದು ನಾಟಕದಲ್ಲಿ ಸದಾ ಬೈಯುವ ಮುದುಕಿಯ ಪಾತ್ರ ಇತ್ತು. ಎಲ್ಲರೂ ಅವಳನ್ನು ಕೆಟ್ಟವಳು ಅಂತಲೇ ಮಾಡುತ್ತಿದ್ದರು, ಕಣ್ಣು ಕೆಕ್ಕರಿಸುವುದು, ಸೊಂಟದ ಮೇಲೆ ಕೈ ಇಡುವುದು. ನಿರ್ದೇಶಕರು ಸುಮ್ಮನೆ ಒಂದು ಪ್ರಶ್ನೆ ಕೇಳಿದರು: ಈ ಅಜ್ಜಿಗೆ ಯಾಕೆ ಇಷ್ಟು ಸಿಟ್ಟು? ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಸ್ವಲ್ಪ ಹೊತ್ತು ಬಿಟ್ಟು ಹೇಳಿದಳು, 'ನಮ್ಮಜ್ಜಿನೂ ಹಿಂಗೇ ಬೈತಾರೆ ಸರ್, ಆದ್ರೆ ಅವ್ರು ಬೈಯೋದು ಹೆದರಿದಾಗ. ಅಪ್ಪ ಬರೋದು ಲೇಟಾದ್ರೆ ನಂಗೆ ಬೈತಾರೆ.' ಆ ಪಾರ್ಟು ಅವಳಿಗೇ ಹೋಯಿತು. ಅವಳು ಬೈಯುವ ಮಾತನ್ನು ಬಾಗಿಲ ಕಡೆ ನೋಡುತ್ತಾ ಹೇಳಿದಳು, ಅಷ್ಟೇ ಬದಲಾವಣೆ. ಪಾತ್ರವೇ ಬೇರೆ ಆಯಿತು. ನಾನು ಕ್ಲಾಸಿನಲ್ಲಿ 'ಪಾತ್ರ ಪರಿಚಯ ಮಾಡಿ' ಅಂತ ಪ್ರಶ್ನೆ ಕೊಡುತ್ತೇನೆ, ಮಕ್ಕಳು ಗೈಡ್ ನೋಡಿ ಬರೆಯುತ್ತಾರೆ. ಇಲ್ಲಿ ಒಬ್ಬರ ಮನಸ್ಸಿನ ಒಳಗೆ ಹೊಕ್ಕು ನೋಡಿದ್ದು. ತನ್ನ ಮನೆಯ ಅಜ್ಜಿಯನ್ನೂ ಆ ಹುಡುಗಿ ಬೇರೆ ಥರ ನೋಡಿರುತ್ತಾಳೆ ಅಂತ ನನ್ನ ನಂಬಿಕೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಅಮೆರಿಕದ ಥಾಲಿಯಾ ಗೋಲ್ಡ್‌ಸ್ಟೈನ್ ಮತ್ತು ಎಲೆನ್ ವಿನ್ನರ್ ಅನ್ನುವ ಮನಶ್ಶಾಸ್ತ್ರಜ್ಞರು 2012ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಂದು ವರ್ಷ ನಟನೆ ಕಲಿತ ಮಕ್ಕಳನ್ನೂ ಅಷ್ಟೇ ಕಾಲ ಬೇರೆ ಕಲೆ ಕಲಿತವರನ್ನೂ ಹೋಲಿಸಿ ನೋಡಿದರು. ಇನ್ನೊಬ್ಬರ ನೋವಿಗೆ ಮಿಡಿಯುವ ಗುಣ ನಟನೆ ಕಲಿತವರಲ್ಲಿ ಹೆಚ್ಚಿತ್ತು. ಹೈಸ್ಕೂಲು ವಯಸ್ಸಿನವರಲ್ಲಿ ಎದುರಿನವರ ಮನಸ್ಸಿನಲ್ಲಿ ಏನು ನಡೆಯುತ್ತಿದೆ ಅಂತ ಊಹಿಸುವ ಶಕ್ತಿಯೂ ಬೆಳೆದಿತ್ತು. ಅವರು ಕಲಿತದ್ದು ಒಂದು ವರ್ಷ, ನಮ್ಮ ಶಿಬಿರ ಮೂರು ವಾರ. ಅಷ್ಟೇ ಫಲ ಮೂರು ವಾರದಲ್ಲಿ ಬರುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ನೋಡಿ, ನಾವು ಶಿಬಿರದ ಬಾಗಿಲು ಹಾಕುತ್ತಿರುವುದು ಅದೇ ಹೈಸ್ಕೂಲು ವಯಸ್ಸಿನವರಿಗೆ.

ಸ್ಟೇಜಿಗೆ ಬರುವುದೇ ಬೇಡ ಅನ್ನುವ ಮಕ್ಕಳೂ ಇರುತ್ತಾರೆ. ಅವರಿಗೂ ಅಲ್ಲಿ ಕೆಲಸವಿದೆ. ಹಳೆಯ ನ್ಯೂಸ್ ಪೇಪರು, ಮೈದಾ ಅಂಟು ಇಟ್ಟುಕೊಂಡು ಮುಖವಾಡ ಮಾಡುತ್ತಾರೆ. ರಟ್ಟಿನಲ್ಲಿ ಕಿರೀಟ, ಹಳೆ ಸೀರೆಯಲ್ಲಿ ನದಿ. ಲೈಟು ಹಾಕುವ ಕಡೆ ನಿಂತ ಒಬ್ಬ ಹುಡುಗನನ್ನು ನೋಡಿದ್ದೇನೆ, ಮೊದಲ ದಿನದಿಂದ ಯಾರ ಜೊತೆಯೂ ಮಾತಿಲ್ಲ, ಆದರೆ ಯಾವ ಮಾತಿನ ಮೇಲೆ ಯಾವ ಬೆಳಕು ಇಳಿಯಬೇಕು ಅಂತ ಇಡೀ ನಾಟಕ ಅವನಿಗೆ ಬಾಯಿಪಾಠ. ಅವನು ಒಂದು ಕ್ಷಣ ಮೈಮರೆತರೆ ರಾಜ ಕತ್ತಲಲ್ಲಿ ನಿಂತು ಮಾತಾಡಬೇಕಾಗುತ್ತದೆ. ಆ ಜವಾಬ್ದಾರಿ ಅವನಿಗೆ ಗೊತ್ತಿತ್ತು, ಅದರ ಹೆಮ್ಮೆಯೂ ಇತ್ತು. ಹಾಗೇ ಪಾತ್ರ ಅದಲು ಬದಲು ಮಾಡುವುದು. ರಾಜನಾಗಿ ಮೆರೆಯುತ್ತಿದ್ದವನನ್ನು ಕೆಲವು ದಿನ ಕಾವಲುಗಾರ ಮಾಡಿದರು, ಕಾವಲುಗಾರನನ್ನು ರಾಜ ಮಾಡಿದರು. ಇಡೀ ದೃಶ್ಯ ಮಾತಿಲ್ಲದೆ ಈಟಿ ಹಿಡಿದು ನಿಲ್ಲುವುದು ಎಷ್ಟು ಕಷ್ಟ ಅಂತ ಆಗ ಗೊತ್ತಾಯಿತು ಅವನಿಗೆ. ಮತ್ತೆ ರಾಜನಾದಾಗ ಕಾವಲುಗಾರನ ಕಡೆ ತಿರುಗಿ ಮಾತಾಡತೊಡಗಿದ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ನಾಟಕದ ಸಂಜೆ ಮಳೆ ಬಂದು ಕರೆಂಟ್ ಹೋಗುವುದು ನಮ್ಮ ಕಡೆ ಹೊಸದಲ್ಲ. ಒಮ್ಮೆ ಹಾಗಾದಾಗ ಮೇಳದ ಮಕ್ಕಳು ಹಾಡು ನಿಲ್ಲಿಸಲಿಲ್ಲ. ಕತ್ತಲಲ್ಲೇ ಅದೇ ಪಲ್ಲವಿ ತಿರುಗಿಸಿ ತಿರುಗಿಸಿ ಹಾಡಿದರು, ಜನರೇಟರ್ ಶುರುವಾಗುವ ತನಕ. ದೊಡ್ಡವರಾದ ನಾವು ಗಾಬರಿಯಲ್ಲಿ ಓಡಾಡುತ್ತಿದ್ದೆವು. ಯೋಜನೆ ಕೆಟ್ಟಾಗ ಅಳದೆ, ಬೇರೆಯವರ ಮೇಲೆ ಹಾಕದೆ ಮುಂದಿನದನ್ನು ನೋಡುವುದು ಯಾವ ಪುಸ್ತಕದಲ್ಲಿ ಇದೆ?

ಇಷ್ಟೆಲ್ಲ ಹೇಳಿದರೂ ಅಪ್ಪ ಅಮ್ಮಂದಿರ ಪ್ರಶ್ನೆ ಒಂದೇ. 'ಮೇಡಂ, ಇದೆಲ್ಲ ಮಾರ್ಕ್ಸ್‌ಗೆ ಬರುತ್ತಾ?' ಅವರ ಆತಂಕ ನನಗೆ ಅರ್ಥವಾಗುತ್ತದೆ. ಓದಿನಿಂದಲೇ ಮನೆ ಮೇಲೆ ಬಂದವರು ಅವರು. 2019ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ನಮ್ಮ ಜಿಲ್ಲೆ ರಾಜ್ಯಕ್ಕೇ ಮೊದಲು ಬಂದಾಗ ನಾನೂ ಸಿಹಿ ಹಂಚಿದವಳು. ಆದರೆ ಈಗ ನಡೆಯುತ್ತಿರುವುದನ್ನು ನೋಡಿ. ಹತ್ತನೇ ಕ್ಲಾಸಿನ ಕೊನೆಯ ಪರೀಕ್ಷೆ ಬರೆದು ಮಗು ಮನೆಗೆ ಬರುವ ಹೊತ್ತಿಗೆ ಪಿಯು ಕಾಲೇಜಿನ ಬ್ರಿಡ್ಜ್ ಕೋರ್ಸಿಗೆ ಫೀಸು ಕಟ್ಟಿ ಆಗಿರುತ್ತದೆ. ರಿಸಲ್ಟ್ ಬಂದಿರುವುದಿಲ್ಲ, ಸೈನ್ಸೋ ಕಾಮರ್ಸೋ ಅಂತ ಮಗುವನ್ನು ಕೇಳಿರುವುದಿಲ್ಲ, ನೀಟ್ ಪಾಠ ಶುರು. ಬ್ರಿಡ್ಜ್ ಕೋರ್ಸಿಗೆ ಹೋಗದ ಮಕ್ಕಳು ಮನೆಯಲ್ಲಿ ಮೊಬೈಲ್ ಹಿಡಿದು, ರಿಸಲ್ಟ್ ಏನಾಗುತ್ತೋ ಅನ್ನುವ ಭಯದಲ್ಲಿ ಒಬ್ಬರೇ ಕೂತಿರುತ್ತಾರೆ. ಹುಟ್ಟಿದಾಗಿನಿಂದ ಆ ಮಗುವಿಗೆ ಸಿಕ್ಕ ದೊಡ್ಡ ಬಿಡುವು ಅದು, ಹತ್ತಿರ ಹತ್ತಿರ ಎರಡು ತಿಂಗಳು. ಅದರಲ್ಲಿ ಮೂರು ವಾರ ನಾಟಕಕ್ಕೆ ಕೊಡಿ ಅಂತ ಕೇಳುತ್ತಿದ್ದೇನೆ. ಮಿಕ್ಕಿದ್ದು ನೀಟ್‌ಗೇ ಇರಲಿ.

ಇನ್ನೊಂದು ಮಾತು. ನಾಟಕ ಅನ್ನುವುದು ನಮ್ಮ ಹಾಸನಕ್ಕೆ ಪೇಟೆಯಿಂದ ಬಂದ ಶೋಕಿ ಅಲ್ಲ. ಹಬ್ಬ ಜಾತ್ರೆ ಬಂದರೆ ಊರೂರಲ್ಲಿ ಪೌರಾಣಿಕ ನಾಟಕ ಆಡುವ ನಾಡು ಇದು. ತಿಂಗಳುಗಟ್ಟಲೆ ರಾತ್ರಿ ತಾಲೀಮು, ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ಬರುವ ಸೀನರಿ, ಬೆಳಗಿನ ಜಾವದ ತನಕ ಆಟ. ದಿನವಿಡೀ ಹೊಲದಲ್ಲಿ ಗೇಯ್ದವರು ರಾತ್ರಿ ದುರ್ಯೋಧನನ ಕಂದ ಪದ್ಯವನ್ನು ತಪ್ಪಿಲ್ಲದೆ ಹಾಡುತ್ತಾರೆ. ನನಗೆ ಆ ನಾಟಕಗಳ ಮೇಲೆ ತುಂಬಾ ಪ್ರೀತಿ. ಆದರೆ ಅಲ್ಲಿ ಪಾತ್ರಕ್ಕೆ ದುಡ್ಡು ಕಟ್ಟಬೇಕು, ದೊಡ್ಡ ಪಾತ್ರಕ್ಕೆ ದೊಡ್ಡ ಮೊತ್ತ. ಹೆಣ್ಣು ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯರನ್ನು ಕರೆಸುತ್ತಾರೆ, ಊರಿನ ಹೆಣ್ಣುಮಕ್ಕಳು ಕೆಳಗೆ ಕೂತು ನೋಡಬೇಕು. ಶಿಬಿರದಲ್ಲಿ ಆ ಎರಡು ಗೋಡೆಯೂ ಇಲ್ಲ. ಹುಡುಗಿ ಭೀಮ ಆಗಬಹುದು, ಕಾಸಿಲ್ಲದ ಮನೆಯ ಹುಡುಗ ದೊಡ್ಡ ಪಾರ್ಟು ಮಾಡಬಹುದು. ಅದಕ್ಕೇ ಶಿಬಿರ ನಡೆಸುವವರಲ್ಲಿ ಕೈಮುಗಿದು ಕೇಳುತ್ತೇನೆ, ದೇಣಿಗೆ ಕೊಟ್ಟವರ ಮಕ್ಕಳಿಗೆ ಮುಖ್ಯ ಪಾತ್ರ ಕೊಡುವ ಅಭ್ಯಾಸ ಎಲ್ಲಾದರೂ ಇದ್ದರೆ ಬಿಟ್ಟುಬಿಡಿ. ಮಕ್ಕಳಿಗೆ ಅದು ಮೊದಲ ದಿನವೇ ಗೊತ್ತಾಗಿಬಿಡುತ್ತದೆ.

ಎಲ್ಲ ಶಿಬಿರಗಳೂ ಒಳ್ಳೆಯವು ಅಂತಲೂ ಹೇಳಲಾರೆ. ಹತ್ತು ದಿನದಲ್ಲಿ ಸಿನಿಮಾ ನಟನೆ, ಟಿವಿ ಶೋನಲ್ಲಿ ಅವಕಾಶ ಅಂತ ಆಸೆ ತೋರಿಸುವವರ ಹತ್ತಿರ ದಯವಿಟ್ಟು ಹೋಗಬೇಡಿ. ರೆಕಾರ್ಡ್ ಮಾಡಿದ ದನಿಗೆ ಬಾಯಿ ಆಡಿಸುವುದೇ ನಾಟಕ ಅನ್ನುವ ಕಡೆಗೂ ಬೇಡ, ಮಗುವಿನ ಸ್ವಂತ ದನಿ ಹೊರಗೆ ಬರಲಿಲ್ಲ ಅಂದಮೇಲೆ ಏನು ಬಂತು? ಸೇರಿಸುವ ಮೊದಲು ಒಂದು ದಿನ ಹೋಗಿ ಹಿಂದೆ ಕೂತು ನೋಡಿ. ಮಕ್ಕಳು ತಪ್ಪು ಮಾಡಿದಾಗ ಮೇಷ್ಟ್ರು ಏನು ಮಾಡುತ್ತಾರೆ ಅನ್ನುವುದನ್ನು ನೋಡಿದರೆ ಸಾಕು, ಎಲ್ಲ ತಿಳಿಯುತ್ತದೆ. ಕಲಿಸುವವರಿಗೆ ನಮ್ಮಲ್ಲಿ ಬರ ಇಲ್ಲ. ಹೆಗ್ಗೋಡಿನ ನೀನಾಸಂನಲ್ಲಿ 1980ರಿಂದ ರಂಗಶಿಕ್ಷಣ ನಡೆಯುತ್ತಿದೆ, ಸಾಣೇಹಳ್ಳಿಯಲ್ಲಿ ರಂಗಶಾಲೆ ಇದೆ, ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಮೈಸೂರಿನ ರಂಗಾಯಣ ಪ್ರತಿ ಬೇಸಿಗೆ ಚಿಣ್ಣರ ಮೇಳ ಮಾಡುತ್ತದೆ. ಇಂಥ ಕಡೆ ಕಲಿತು ಬಂದ ಹುಡುಗ ಹುಡುಗಿಯರು ನಮ್ಮ ಜಿಲ್ಲೆಯಲ್ಲೂ ಇದ್ದಾರೆ, ಎಷ್ಟೋ ಜನ ಕೆಲಸ ಇಲ್ಲದೆ ಬೆಂಗಳೂರಿಗೆ ಹೋಗುತ್ತಿದ್ದಾರೆ. ಹೈಸ್ಕೂಲುಗಳಲ್ಲಿ ನಾಟಕದ ಮೇಷ್ಟ್ರು ಬೆರಳೆಣಿಕೆಯಷ್ಟು ಮಾತ್ರ. ಆ ಹುದ್ದೆ ಹೆಚ್ಚಾಗುವ ತನಕ ಕೊನೇಪಕ್ಷ ರಜೆಯಲ್ಲಾದರೂ ಇವರ ವಿದ್ಯೆ ನಮ್ಮ ಮಕ್ಕಳಿಗೆ ಸಿಗಲಿ.

ಕೊನೆಗೆ, ನಡೆಸುವವರಿಗೂ ಜಿಲ್ಲಾಡಳಿತಕ್ಕೂ ಕೆಲವು ವಿನಂತಿ. ದೊಡ್ಡ ಮಕ್ಕಳ ಶಿಬಿರವನ್ನು ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ತಕ್ಷಣ, ಏಪ್ರಿಲ್‌ನಲ್ಲೇ ಇಡಿ. ಮೇ ತಿಂಗಳಲ್ಲಿ ಮಳೆ ಬಿದ್ದರೆ ಆಲೂಗಡ್ಡೆ ಬಿತ್ತನೆ ಶುರುವಾಗುತ್ತದೆ, ರೈತರ ಮಕ್ಕಳು ಹೊಲ ಬಿಟ್ಟು ಬರಲಾಗುವುದಿಲ್ಲ. ಸಂಜೆ ಐದಕ್ಕೆ ಬಿಡಿ. ಹಳ್ಳಿಯ ಬಸ್ಸು ತಪ್ಪುತ್ತದೆ ಅನ್ನುವ ಒಂದೇ ಕಾರಣಕ್ಕೆ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯವರು ಕಳಿಸುವುದಿಲ್ಲ. ಹಾಸನ ಪೇಟೆಯಲ್ಲೇ ಎಲ್ಲ ಮಾಡುವ ಬದಲು ಅರಕಲಗೂಡು, ಅರಸೀಕೆರೆ, ಸಕಲೇಶಪುರದಲ್ಲೂ ಮಾಡಿ, ರಜೆಯಲ್ಲಿ ಸರ್ಕಾರಿ ಶಾಲೆಗಳ ಕೋಣೆಗಳು ಖಾಲಿಯೇ ಇರುತ್ತವೆ. ಎಲ್ಲ ತಾಲ್ಲೂಕಿನ ಮಕ್ಕಳ ನಾಟಕಗಳನ್ನು ಕೊನೆಗೆ ಒಂದು ವಾರ ಹಾಸನಾಂಬ ಕಲಾಕ್ಷೇತ್ರದಲ್ಲಿ ಬಾಡಿಗೆ ಇಲ್ಲದೆ ಆಡಲು ಬಿಡಿ. ಲೈಟು, ಪರದೆ ಇರುವ ನಿಜವಾದ ಸ್ಟೇಜಿನ ಮೇಲೆ ಆ ಮಕ್ಕಳು ಒಮ್ಮೆ ನಿಲ್ಲಲಿ. ಮತ್ತೆ ಮುಂದಿನ ವರ್ಷ ಕರಪತ್ರ ಅಚ್ಚು ಹಾಕಿಸುವಾಗ ವಯಸ್ಸಿನ ಸಾಲಿನಲ್ಲಿ ಹದಿನಾಲ್ಕನ್ನು ತೆಗೆದು ಹದಿನೆಂಟು ಅಂತ ಹಾಕಿ.

ಇತಿ,
ಒಬ್ಬ ಕನ್ನಡ ಶಿಕ್ಷಕಿ, ಹಾಸನ